ಮನಸ್ಸು ಗಟ್ಟಿ ಮಾಡ್ಕೋ ಅಂದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ನಿಮ್ಮ ಪುರವಣಿಯಲ್ಲಿ ಕುಡಿತದ ಬಗ್ಗೆ ಒಂದು ಲೇಖನ ಬಂದಿತ್ತು. ಅದರಲ್ಲಿ ಕುಡಿಯುವವರ ಹೆಂಡತಿಗೆ ಅಂತ ಇದ್ದದ್ದು ಒಂದೇ ಸಾಲು. ಮನಸ್ಸು ಗಟ್ಟಿ ಮಾಡಿಕೊಂಡು ಸಂಸಾರ ತೂಗಿಸಬೇಕು ಅಂತ. ಆ ಸಾಲನ್ನು ಎರಡು ಸಲ ಓದಿದೆ. ಪೇಪರ್ ಮಡಚಿಟ್ಟು ಹೊಲಿಗೆ ಮಷಿನ್ ಮುಂದೆ ಕೂತೆ, ಕೆಲಸ ಸಾಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಕೊನೆಯಲ್ಲಿ ಕೇಳಿರುವ ಎರಡು ವಿಷಯವನ್ನಾದರೂ ಹಾಕಿ.

ನಾನು ತಿಪಟೂರು ಕಡೆಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಾರೆ. ಮದುವೆಯಾಗಿ 21 ವರ್ಷ, ಅದರಲ್ಲಿ 13 ವರ್ಷ ಕುಡಿತದ ಜೊತೆಯೇ ಕಳೆಯಿತು. ಈ 13 ವರ್ಷದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಕೇಳಿದ ಮಾತು ಇದೇ, ಮನಸ್ಸು ಗಟ್ಟಿ ಮಾಡ್ಕೋ. ಅಮ್ಮ ಹೇಳಿದಳು, ಅತ್ತೆ ಹೇಳಿದರು, ಬ್ಲೌಸ್ ಕೊಡಲು ಬಂದವರು ನನ್ನ ಮುಖ ನೋಡಿ ಹೇಳಿದರು. ಹೇಳಿದವರು ಯಾರೂ ಕೆಟ್ಟವರಲ್ಲ, ಬೇರೆ ಏನು ಹೇಳಬೇಕು ಅಂತ ಅವರಿಗೂ ತೋಚಿರಲಿಕ್ಕಿಲ್ಲ. ನಾನೂ ಅವರ ಮಾತಿನಂತೆ ಗಟ್ಟಿಯಾದೆ. ಎಷ್ಟು ಗಟ್ಟಿಯಾದೆ ಅಂದರೆ, ಮಗಳು ಒಂದು ದಿನ ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತಾ ಬಂದಾಗ ಅವಳ ಮುಖವನ್ನೂ ನೋಡದೆ ಔಷಧಿ ಹಚ್ಚಿ ಕಳಿಸಿದ್ದೆ. ಅವಳಿಗೆ ಆಗ 9 ವರ್ಷ. ಅದು ಅವಳಿಗೆ ಇವತ್ತಿಗೂ ನೆನಪಿದೆ.

ಸಂಜೆ ಏಳೂವರೆ ಆದರೆ ನನ್ನ ಕಿವಿ ರಸ್ತೆ ಕಡೆ ಹೋಗುತ್ತಿತ್ತು. ಬೈಕಿನ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಇವತ್ತು ಎಷ್ಟು ಕುಡಿದಿದ್ದಾರೆ ಅಂತ ಗೊತ್ತಾಗುತ್ತಿತ್ತು. ಒಂದೇ ಒದೆತಕ್ಕೆ ಬಿದ್ದರೆ ಪರವಾಗಿಲ್ಲ, ಎರಡು ಮೂರು ಸಲ ನೆಲಕ್ಕೆ ಕೆರೆದರೆ ಮಗಳನ್ನು ಬೇಗ ಒಳಗೆ ಮಲಗಿಸಬೇಕು. ಬಾಟಲಿ ಎಲ್ಲಿ ಬಚ್ಚಿಡುತ್ತಾರೆ, ಯಾರ ಹತ್ತಿರ ಕೈಸಾಲ ಮಾಡಿದ್ದಾರೆ, ಯಾವ ಸ್ನೇಹಿತ ಬಂದರೆ ಅವತ್ತು ಮನೆಗೆ ಬರುವುದು ತಡ, ಎಲ್ಲ ಗೊತ್ತಿತ್ತು. ನನ್ನ ಬಗ್ಗೆ ಮಾತ್ರ ಏನೂ ಗೊತ್ತಿರಲಿಲ್ಲ. ಒಂದು ಸಲ ತಲೆನೋವು ಅಂತ ಡಾಕ್ಟರ್ ಹತ್ತಿರ ಹೋದೆ. ಎಷ್ಟು ದಿನದಿಂದ ಇದೆ ಅಂದರು. ಯೋಚನೆ ಮಾಡಿದೆ, ಹೇಳಲು ಬರಲಿಲ್ಲ.

ಗಟ್ಟಿ ಮನಸ್ಸಿನ ಮಾತು ಕುಡಿಯುವವರಿಗೂ ಎಷ್ಟು ಅಪಾಯ ಅಂತ ನಮಗೆ ತಿಳಿದದ್ದು 2017ರ ಯುಗಾದಿಯಲ್ಲಿ. ಹಬ್ಬಕ್ಕೆ ಬಂದ ಹಿರಿಯರೆಲ್ಲ ಸೇರಿ ಇವರನ್ನು ಕೂರಿಸಿ ಬೈದು, ಗಂಡಸಾದರೆ ಇವತ್ತೇ ಬಿಡು ಅಂತ ದೇವರ ಮುಂದೆ ಪ್ರಮಾಣ ಮಾಡಿಸಿದರು. ಇವರು ನಿಜವಾಗಿಯೂ ಬಿಟ್ಟರು. ಮಾರನೆ ದಿನ ಕೈ ನಡುಗಿ ಲೋಟ ಹಿಡಿಯಲು ಆಗಲಿಲ್ಲ, ಮೈಯೆಲ್ಲ ಬೆವರು. ಮೂರನೇ ದಿನ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಅಂತ ಕೈಯಿಂದ ಒರೆಸಲು ಶುರು ಮಾಡಿದರು. ಗೋಡೆ ಮೇಲೆ ಒಂದು ಇರುವೆಯೂ ಇರಲಿಲ್ಲ. ನನ್ನನ್ನು ಯಾರು ಅಂತ ಕೇಳಿದರು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರ ಮೆದುಳು ಅದಕ್ಕೆ ಹೊಂದಿಕೊಂಡಿರುತ್ತದೆ, ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಹೀಗೆ ಭ್ರಮೆ ಬರಬಹುದು, ಜೀವವೇ ಹೋಗಬಹುದು, ಇಂಥವರು ಡಾಕ್ಟರ್ ಕಣ್ಣಳತೆಯಲ್ಲಿ ಔಷಧಿ ಮತ್ತು ಬಿ1 ವಿಟಮಿನ್ ತೆಗೆದುಕೊಳ್ಳುತ್ತಲೇ ಬಿಡಬೇಕು ಅಂತ ಅಲ್ಲಿ ಹೇಳಿದರು. ಇದು ಎಷ್ಟು ಮನೆಗಳಿಗೆ ಗೊತ್ತು ಹೇಳಿ? ನಿಮ್ಮ ಲೇಖನದಲ್ಲೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಸ್ವಲ್ಪ ದಿನಕ್ಕೆ ಮತ್ತೆ ಶುರುವಾಯಿತು.

ಮುಂದಿನದನ್ನು ಬರೆಯಲು ಕಷ್ಟ, ಆದರೂ ಬರೆಯಬೇಕು. ಒಂದು ಪೇಪರಿನಲ್ಲಿ (ನಿಮ್ಮದಲ್ಲ, ಆದರೆ ನಿಮ್ಮದರಲ್ಲೂ ಇಂಥವು ಬರುತ್ತವೆ) ಚಿಕ್ಕ ಜಾಹೀರಾತು ನೋಡಿದೆ. ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ ಅಂತ. ಫೋನ್ ಮಾಡಿ 1,800 ರೂಪಾಯಿ ಕಳಿಸಿದೆ. ಪುಡಿ ಬಂತು. ಒಳಗೇನಿದೆ ಅಂತ ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ಸಾರಿಗೆ ಬೆರೆಸಿದೆ. ಅವತ್ತು ರಾತ್ರಿ ಅವರು ಕುಡಿದು ಬಂದು ಊಟ ಮಾಡಿದರು, ಸ್ವಲ್ಪ ಹೊತ್ತಿಗೆ ಮುಖ ಕೆಂಪಾಯಿತು, ವಾಂತಿ, ಎದೆ ಹೊಡೆತ ನನ್ನ ಕೈಗೇ ಸಿಗುತ್ತಿತ್ತು. ಸತ್ತೇ ಹೋಗುತ್ತಾರೆ ಅಂದುಕೊಂಡೆ. ಆಮೇಲೆ ತಿಳಿಯಿತು, ಡೈಸಲ್ಫಿರಾಂ ಅಂತ ಒಂದು ಮಾತ್ರೆ ಇದೆ, ಅದನ್ನು ತೆಗೆದುಕೊಂಡು ಕುಡಿದರೆ ಹೀಗೆಲ್ಲ ಆಗುತ್ತದೆ, ಬಿಪಿ ಕುಸಿಯುತ್ತದೆ. ಅದಕ್ಕೇ ಡಾಕ್ಟರು ಅದನ್ನು ರೋಗಿಗೆ ಎಲ್ಲ ವಿವರಿಸಿ, ಅವರ ಒಪ್ಪಿಗೆ ಪಡೆದೇ ಕೊಡುತ್ತಾರೆ. ನನ್ನ ಪುಡಿಯಲ್ಲಿ ಇದ್ದದ್ದು ಅದೇನಾ, ಬೇರೇನಾ, ಇವತ್ತಿಗೂ ಗೊತ್ತಿಲ್ಲ. ಅವರು ಬದುಕಿದರು. ಆದರೆ ವಿಷಯ ಗೊತ್ತಾದ ಮೇಲೆ ಒಂದು ತಿಂಗಳು ನನ್ನ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳಲಿಲ್ಲ. ಕುಡಿತಕ್ಕಿಂತ ಆ ಒಂದು ತಿಂಗಳು ನನ್ನನ್ನು ಜಾಸ್ತಿ ಸುಟ್ಟಿತು.

2022ರಲ್ಲಿ ಅವರು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಹೋದರು. ಎಂಟು ದಿನ ಅಲ್ಲೇ ಇರಬೇಕು. ಕೊನೆಗೆ ಮನೆಯವರನ್ನೂ ಕರೆದಿದ್ದರು, ಹೋಗಿ ಕರೆದುಕೊಂಡು ಬಂದೆವು. ಶಿಬಿರ ಮುಗಿಸಿದವರೆಲ್ಲ ಮತ್ತೆ ಮತ್ತೆ ಸೇರಲಿ ಅಂತ ನವಜೀವನ ಸಮಿತಿ ಇರುತ್ತದೆ, ಅದಕ್ಕೂ ತಪ್ಪದೆ ಹೋಗುತ್ತಿದ್ದರು. ಐದು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಊರೆಲ್ಲ ನನಗೆ ಒಳ್ಳೆಯದಾಯಿತಲ್ಲ ಅಂದರು. ಆ ಐದು ತಿಂಗಳು ನಾನು ಹಿಂದೆಂದಿಗಿಂತ ಜಾಸ್ತಿ ಸಿಟ್ಟಿನಲ್ಲಿದ್ದೆ! ಸಭೆಗೆ ಹೊರಟರೆ ಸಿಟ್ಟು, ಬಂದರೆ ಸಿಟ್ಟು. ಹೊಸ ಸ್ನೇಹಿತರ ಜೊತೆ ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿದರೆ ಪಾತ್ರೆ ಕುಕ್ಕುತ್ತಿದ್ದೆ. ಯಾಕೆ ಅಂತ ನನಗೇ ತಿಳಿಯುತ್ತಿರಲಿಲ್ಲ. ನನಗೇನೋ ಹುಚ್ಚು ಹಿಡಿಯುತ್ತಿದೆ ಅಂತಲೇ ಭಯವಾಗಿತ್ತು. ಒಂದು ಮದುವೆಯಲ್ಲಿ ಅವರು ಮತ್ತೆ ಕುಡಿದರು. ಅವತ್ತು ರಾತ್ರಿ ನನಗೆ ಒಂದು ಥರ ನೆಮ್ಮದಿ ಆಯಿತು. ಇದನ್ನು ಬರೆಯುವಾಗ ಕೈ ನಡುಗುತ್ತಿದೆ, ಆದರೆ ಆದದ್ದು ಹಾಗೇ.

ಇದಕ್ಕೆ ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಬಸ್ ಚಾರ್ಜಿನ ಯೋಚನೆ ಇಲ್ಲದೆ ತಿಂಗಳಿಗೊಮ್ಮೆ ತಂಗಿ ಮನೆಗೆ ಹೋಗಲು ಆಯಿತು. ಅವಳೇ ಒಂದು ದಿನ ಆಲ್-ಅನಾನ್ ಸಭೆಗೆ ಕರೆದುಕೊಂಡು ಹೋದಳು. ಕುಡಿಯುವವರಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೆ, 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ಮತ್ತು ಡಾಕ್ಟರ್ ಬಾಬ್ ಅನ್ನುವ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು. ಅಂಥವರ ಮನೆಯವರಿಗೆ ಅಂತ 1951ರಲ್ಲಿ ಶುರುವಾದದ್ದು ಆಲ್-ಅನಾನ್. ಅದನ್ನು ಶುರು ಮಾಡಿದವರಲ್ಲಿ ಒಬ್ಬರು ಬಿಲ್ ಅವರ ಹೆಂಡತಿ ಲೋಯಿಸ್.

ಲೋಯಿಸ್ ಕಥೆ ನಾನು ಆ ಸಭೆಯಲ್ಲೇ ಕೇಳಿದ್ದು. ವರ್ಷಗಟ್ಟಲೆ ಗಂಡನ ಕುಡಿತ ಬಿಡಿಸಲು ಅವರು ಮಾಡದ ಪ್ರಯತ್ನ ಇಲ್ಲ. ಕೊನೆಗೆ ಬಿಲ್ ಬಿಟ್ಟದ್ದು ಬೇರೆಯವರ ಸಹವಾಸದಿಂದ. ಆಮೇಲೆ ಒಂದು ದಿನ ಬಿಲ್, ಸಭೆಗೆ ಹೊತ್ತಾಯಿತು ಬೇಗ ಹೊರಡು ಅಂದದ್ದಕ್ಕೆ ಲೋಯಿಸ್ ಕಾಲಿನ ಶೂ ತೆಗೆದು ಅವರ ಮೇಲೆ ಎಸೆದರಂತೆ. ಗಂಡ ಕುಡಿಯುತ್ತಿಲ್ಲ, ಬೇಡಿಕೊಂಡದ್ದೇ ಆಗಿದೆ, ಮತ್ತೆ ಯಾಕೆ ಇಷ್ಟು ಸಿಟ್ಟು ಅಂತ ಅವರು ತಮ್ಮನ್ನೇ ಕೇಳಿಕೊಂಡರು. ನಾನು ವರ್ಷಗಟ್ಟಲೆ ಮಾಡಲಾಗದ್ದನ್ನು ಬೇರೆ ಯಾರೋ ಮಾಡಿದರು, ಇನ್ನು ಈ ಮನೆಯಲ್ಲಿ ನಾನು ಯಾರಿಗೆ ಬೇಕು ಅನ್ನುವ ನೋವು ಅದು ಅಂತ ಅವರಿಗೆ ಕಂಡಿತು. ಕಥೆ ಹೇಳಿದವರು ಮುಗಿಸುವ ಮೊದಲೇ ನಾನು ಅಳಲು ಶುರು ಮಾಡಿದ್ದೆ. ಎಲ್ಲಿಯ ಅಮೆರಿಕ, ಎಲ್ಲಿಯ ತಿಪಟೂರು. ನನ್ನ ಪಾತ್ರೆ, ಅವರ ಶೂ. ಹುಚ್ಚಲ್ಲ ಇದು, ಇದಕ್ಕೆ ಒಂದು ಹೆಸರಿದೆ, ಬೇರೆಯವರಿಗೂ ಆಗಿದೆ ಅಂತ ಗೊತ್ತಾದ ಕ್ಷಣಕ್ಕೆ ನನ್ನ ಅರ್ಧ ಭಾರ ಇಳಿಯಿತು.

ಆ ಸಭೆಯಲ್ಲಿ ಯಾರೂ ನನ್ನ ಗಂಡನ ಬಗ್ಗೆ ಕೇಳಲಿಲ್ಲ. ಈ ವಾರ ನೀವು ಹೇಗಿದ್ರಿ ಅಂದರು. ಉತ್ತರ ಇರಲಿಲ್ಲ ನನ್ನ ಹತ್ತಿರ. ಪರವಾಗಿಲ್ಲ, ಸುಮ್ನೆ ಕೂತಿರಿ ಅಂದರು. ಅಲ್ಲಿ ಹೇಳುವ ಮೂರು ಮಾತು ಇವೆ. ಕುಡಿತಕ್ಕೆ ನಾನು ಕಾರಣ ಅಲ್ಲ, ಅದನ್ನು ಹಿಡಿತದಲ್ಲಿಡಲು ನನ್ನಿಂದ ಆಗಲ್ಲ, ವಾಸಿ ಮಾಡಲೂ ನನ್ನಿಂದ ಆಗಲ್ಲ. ಮೊದಲನೆಯದು ಕೇಳಿ ಸಮಾಧಾನ ಆಯಿತು. ಮೂರನೆಯದನ್ನು ಒಪ್ಪಲು ನನಗೆ ಹತ್ತು ತಿಂಗಳು ಬೇಕಾಯಿತು.

ಸಭೆಯವರು ಇನ್ನೊಂದು ಅಭ್ಯಾಸವನ್ನೂ ಹೇಳಿಕೊಟ್ಟರು. ಮನಸ್ಸು ಕದಡಿದಾಗ ನಾಲ್ಕು ಕೇಳಿಕೊಳ್ಳಬೇಕು. ಹಸಿವಾ? ಸಿಟ್ಟಾ? ಒಂಟಿ ಅನ್ನಿಸುತ್ತಿದೆಯಾ? ದಣಿವಾ? ಕುಡಿತ ಬಿಟ್ಟವರು ಮತ್ತೆ ಅದರ ಕಡೆ ಜಾರದಿರಲು ಇದನ್ನು ಬಳಸುತ್ತಾರೆ, ಮನೆಯವರಿಗೂ ಆಗುತ್ತದೆ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ದಿನಾ ರಾತ್ರಿ ಎರಡು ಸಾಲು ಬರೆಯಲು ಶುರು ಮಾಡಿದೆ. ಒಂದೂವರೆ ತಿಂಗಳು ಆದ ಮೇಲೆ ಓದಿ ನೋಡಿದರೆ ನಂಬಲು ಆಗಲಿಲ್ಲ. ಮಗಳ ಮೇಲೆ ಕೂಗಾಡಿದ ದಿನಗಳು ಅವರು ಜಾಸ್ತಿ ಕುಡಿದ ದಿನಗಳಲ್ಲ. ಹಬ್ಬದ ಆರ್ಡರ್ ಮುಗಿಸಲು ನಾನು ಮಧ್ಯಾಹ್ನ ಊಟ ಬಿಟ್ಟ ದಿನಗಳು. ಇಷ್ಟು ವರ್ಷ ಎಲ್ಲಕ್ಕೂ ಅವರ ಬಾಟಲಿಯನ್ನೇ ದೂರಿದ್ದೆ, ಬಾಟಲಿಯ ತಪ್ಪು ಬೇಕಾದಷ್ಟಿದೆ ನಿಜ, ಆದರೆ ಎರಡು ಗಂಟೆಗೆ ಒಂದು ಮುದ್ದೆ ತಿನ್ನುವುದು ನನ್ನ ಕೈಯಲ್ಲೇ ಇತ್ತಲ್ವಾ. ಅವತ್ತಿನಿಂದ ಎಷ್ಟೇ ಅರ್ಜೆಂಟ್ ಇದ್ದರೂ ಊಟದ ಹೊತ್ತಿಗೆ ಮಷಿನ್ ನಿಲ್ಲಿಸುತ್ತೇನೆ. ಮನೆ ಸ್ವಲ್ಪ ಮೆತ್ತಗಾಯಿತು. ಮಗಳೇ ಮೊದಲು ಗುರುತಿಸಿದಳು.

ಇನ್ನೊಂದು ವಿಷಯವೂ ಆ ಪುಸ್ತಕದಲ್ಲೇ ಕಂಡದ್ದು. ಅವರು ಏಳಲಾಗದ ದಿನ ಮಂಡಿಗೆ ಫೋನ್ ಮಾಡಿ ಜ್ವರ ಅಂತ ಹೇಳುತ್ತಿದ್ದವಳು ನಾನು. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಬರೆಯುತ್ತಾ ಹೋದಾಗ ಗೊತ್ತಾಯಿತು, ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೇಳುತ್ತಿದ್ದ ಸುಳ್ಳು ಅದು. ನಿಲ್ಲಿಸಿದೆ. ಮೊದಲ ಸಲ ಅವರೇ ಫೋನ್ ಮಾಡಬೇಕಾಗಿ ಬಂದಾಗ ಅರ್ಧ ಗಂಟೆ ಫೋನ್ ಹಿಡಿದು ಕೂತಿದ್ದರು. ನಾನು ಅಡುಗೆ ಮನೆಯಲ್ಲಿ ಬಾಗಿಲು ಹಿಡಿದು ನಿಂತಿದ್ದೆ. ಹೋಗಿ ಫೋನ್ ಕಿತ್ತುಕೊಳ್ಳದೆ ಇರುವುದೇ ಅವತ್ತು ನನ್ನ ಇಡೀ ದಿನದ ಕೆಲಸವಾಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಹೊಡೆತ ಇರಲಿಲ್ಲ. ಹೊಡೆತ ಇರುವ ಮನೆಯ ಅಕ್ಕತಂಗಿಯರಿಗೆ ಪುಸ್ತಕ ಬರೆಯಿರಿ ಅಂತ ನಾನು ಹೇಳಲ್ಲ. ಮೊದಲು ಅಲ್ಲಿಂದ ಹೊರಗೆ ಬನ್ನಿ. ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ.

ನನ್ನನ್ನು ನಾನು ನೋಡಿಕೊಂಡದ್ದರಿಂದಲೇ ಎಲ್ಲ ಸರಿಹೋಯಿತು ಅಂದರೆ ಅದೂ ಸುಳ್ಳಾಗುತ್ತದೆ. ಹಾಗೆ ನೋಡಿಕೊಳ್ಳಲು ಧೈರ್ಯ ಬಂದದ್ದೇ ಕೆಲವರು ಪಕ್ಕದಲ್ಲಿ ಇದ್ದದ್ದರಿಂದ. ಎದುರು ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಅವರು ಒಂದು ದಿನವೂ ಬುದ್ಧಿ ಹೇಳಲಿಲ್ಲ. ಗಲಾಟೆ ಆದ ಮಾರನೆ ಬೆಳಿಗ್ಗೆ ಒಂದು ಬಟ್ಟಲು ಹುರುಳಿ ಸಾರು ತಂದು ಕಟ್ಟೆ ಮೇಲಿಟ್ಟು, ಬಟ್ಟಲು ಆಮೇಲೆ ಕೊಡು ಅಂತ ಹೋಗುತ್ತಿದ್ದರು. ಒಂದು ಸಲ ತಮ್ಮ ಮನೆಯ ಎರಡನೇ ಬೀಗದ ಕೈಯನ್ನು ನನ್ನ ಕೈಗಿಟ್ಟು, ರಾತ್ರಿ ಎಷ್ಟು ಹೊತ್ತಾದರೂ ಬಾಗಿಲು ತಟ್ಟುವುದು ಬೇಡ, ತೆಗೆದುಕೊಂಡು ಬಾ ಅಂದರು. ಆ ಬೀಗದ ಕೈಯನ್ನು ನಾನು ಬಳಸಿದ್ದು ಮೂರೇ ಸಲ. ಆದರೆ ಅದು ಸೆರಗಿನ ಗಂಟಿನಲ್ಲಿ ಇದೆ ಅನ್ನುವುದರಿಂದಲೇ ಎಷ್ಟೋ ರಾತ್ರಿ ನಿದ್ದೆ ಬಂದಿದೆ. ಅಜ್ಜಿ ಹೋದ ವರ್ಷ ತೀರಿಕೊಂಡರು. ಅವರ ಮಗ ಮನೆ ಬಾಡಿಗೆಗೆ ಕೊಟ್ಟಿದ್ದಾರೆ, ಬೀಗ ಬದಲಾಗಿದೆ, ಕೈ ಇನ್ನೂ ನನ್ನ ಹತ್ತಿರವೇ ಇದೆ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಎಂಟು ವರ್ಷ ವಾರ ವಾರ ಕೂತು ಲೆಕ್ಕ ಬರೆದಿದ್ದೆ, ಮನೆ ವಿಷಯ ಒಂದು ದಿನ ಬಾಯಿ ಬಿಟ್ಟಿರಲಿಲ್ಲ. ಬೆಂಗಳೂರಿನ ಸಭೆ ಆದ ಮೇಲೆ ಒಂದು ವಾರ ಹೇಳಿಬಿಟ್ಟೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ಗೊತ್ತು ಕಣೇ, ನೀನೇ ಹೇಳಲಿ ಅಂತ ಕಾಯ್ತಿದ್ವಿ ಅಂದರು. ಅವತ್ತು ಇನ್ನೂ ಇಬ್ಬರು ತಮ್ಮ ಮನೆಯದನ್ನು ಹೇಳಿದರು. ಲೆಕ್ಕ ಬರೆಯುವುದು ಮುಂದಿನ ವಾರಕ್ಕೆ ಹೋಯಿತು.

ಮಗಳ ಬಗ್ಗೆ ನನಗೆ ಇದ್ದ ಹೆದರಿಕೆಗೆ ಒಂದು ಅಧ್ಯಯನ ಧೈರ್ಯ ಕೊಟ್ಟಿತು. ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿದ್ದು. ಹವಾಯಿಯ ಕವಾಯ್ ಅನ್ನುವ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು ದೊಡ್ಡವರಾಗುವ ತನಕ, ಆಮೇಲೂ, ಗಮನಿಸುತ್ತಾ ಬಂದರು. ಬಡತನ, ಅಪ್ಪ ಅಮ್ಮನ ಜಗಳ, ಕುಡಿತ, ಮಾನಸಿಕ ಕಾಯಿಲೆ ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮನೆಗಳಲ್ಲೂ ಮೂರರಲ್ಲಿ ಒಂದು ಭಾಗದಷ್ಟು ಮಕ್ಕಳು ಚೆನ್ನಾಗಿಯೇ ಬೆಳೆದರು. ಅಂಥ ಮಕ್ಕಳಿಗೆ ಸಾಮಾನ್ಯವಾಗಿ ಒಬ್ಬರಾದರೂ ಗಟ್ಟಿಯಾಗಿ ಜೊತೆಗಿದ್ದರು. ಅವರು ಅಪ್ಪ ಅಮ್ಮನೇ ಆಗಬೇಕು ಅಂತ ಇರಲಿಲ್ಲ, ಅಜ್ಜಿ ಆಗಬಹುದು, ಟೀಚರ್ ಆಗಬಹುದು, ನೆರೆಯವರು ಆಗಬಹುದು. ನನ್ನ ಮಗಳಿಗೆ ಅವಳ ಗಣಿತದ ಟೀಚರ್ ಹಾಗಿದ್ದರು. ಶಾಲೆ ಬಿಟ್ಟ ಮೇಲೆ ಕಾಪಿ ತಿದ್ದುವ ನೆಪದಲ್ಲಿ ಇವಳನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತಿದ್ದರು. ಮಗಳು ಈಗ ಬಿ.ಕಾಂ ಓದುತ್ತಿದ್ದಾಳೆ. ಆ ಟೀಚರಿಗೆ ತಾವು ಏನು ಮಾಡಿದೆವು ಅಂತ ಗೊತ್ತಿದೆಯೋ ಇಲ್ಲವೋ. ಈ ಪತ್ರ ಓದಿದರೆ ಗೊತ್ತಾಗಲಿ.

ಯಜಮಾನರು 2024ರ ಡಿಸೆಂಬರ್‌ನಲ್ಲಿ ತಾವಾಗಿಯೇ ಆಸ್ಪತ್ರೆಗೆ ಸೇರಿದರು. 2025ರ ಡಿಸೆಂಬರ್‌ಗೆ ಒಂದು ವರ್ಷ. ಗಂಡ ಬಿಟ್ಟ, ಹೆಂಡತಿ ಚೇತರಿಸಿಕೊಂಡಳು ಅಂತ ಜನ ಅಂದುಕೊಳ್ಳುತ್ತಾರೆ. ನಾನು ಚೇತರಿಸಿಕೊಂಡು ವರ್ಷದ ಮೇಲಾದಾಗಲೂ ಅವರು ಕುಡಿಯುತ್ತಿದ್ದರು. ನಾಳೆ ಮತ್ತೆ ಕುಡಿದರೆ? ನೋವಾಗುತ್ತದೆ, ತುಂಬಾ ನೋವಾಗುತ್ತದೆ. ಆದರೆ ಎರಡು ಗಂಟೆಗೆ ಊಟ ಮಾಡುತ್ತೇನೆ, ಸಂಘಕ್ಕೆ ಹೋಗುತ್ತೇನೆ, ಮಂಡಿಗೆ ಫೋನ್ ಮಾಡಲ್ಲ.

ಹಾಗಂತ ಇದೆಲ್ಲ ಬರೀ ಮನೆಯೊಳಗಿನ ವಿಷಯ ಅಂತ ಯಾರೂ ತಿಳಿಯಬಾರದು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ಬ್ರಾಂಡಿ ವಿಸ್ಕಿ ಅಂಗಡಿ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದೇ ಹೋಗಿ ಮದ್ಯ ನಿಲ್ಲಿಸಿ ಅಂತ ಕೇಳಿದರು. 2025-26ರ ಬಜೆಟ್‌ನಲ್ಲಿ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿತ್ತು. ಇಷ್ಟು ದುಡ್ಡು ಎತ್ತುವಾಗ ಆ ಮನೆಗಳ ಹೆಂಗಸರಿಗೆ, ಮಕ್ಕಳಿಗೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಗಂಟೆ, ಒಂದು ಕೋಣೆ, ಕೇಳಿಸಿಕೊಳ್ಳುವವರು ಒಬ್ಬರನ್ನು ಕೊಡಲಿ. ಜಾಸ್ತಿ ಕೇಳುತ್ತಿದ್ದೇನಾ?

ಈಗ ನಿಮ್ಮಲ್ಲಿ ಕೇಳುವ ಎರಡು ವಿಷಯ. ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿಯ ಜಾಹೀರಾತನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಅದನ್ನು ಓದುವವಳು ಅವತ್ತು ಯಾವ ಸ್ಥಿತಿಯಲ್ಲಿ ಇರುತ್ತಾಳೆ ಅಂತ ನನಗೆ ಗೊತ್ತು. ಎರಡನೆಯದು, ಕುಡಿತದ ಬಗ್ಗೆ ಏನೇ ಬರೆದರೂ ಕೆಳಗೆ ಎರಡು ನಂಬರ್ ಹಾಕಿ. ಒಂದು ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರದ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ನಾನೇ ಒಂದು ಸಲ ರಾತ್ರಿ ಹನ್ನೊಂದು ಗಂಟೆಗೆ ಮಾಡಿದ್ದೇನೆ. ಆ ಕಡೆ ಇದ್ದ ಹುಡುಗಿ ನಾನು ಅತ್ತು ಮುಗಿಸುವ ತನಕ ಫೋನ್ ಇಡಲಿಲ್ಲ. ಇನ್ನೊಂದು 14446, ಅದು ಕುಡಿತ ಮತ್ತು ಮಾದಕ ವಸ್ತು ಬಿಡುವವರಿಗೆ, ಅವರ ಮನೆಯವರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ.

ನನ್ನ ಹೆಸರು ವಿಳಾಸ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಅದನ್ನು ಅಚ್ಚು ಹಾಕಬೇಡಿ. ಪತ್ರಿಕೆಯಲ್ಲಿ ಹೆಸರು ಬರಬಾರದು ಅನ್ನುವುದು ನಮ್ಮ ಆಲ್-ಅನಾನ್ ಗುಂಪಿನ ಸಂಪ್ರದಾಯ, ನಾಚಿಕೆಯಿಂದ ಕೇಳುತ್ತಿರುವುದಲ್ಲ. ಪತ್ರ ಓದಿ ಯಾರಾದರೂ ಅಕ್ಕನೋ ತಂಗಿಯೋ ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದರೆ ನನಗೊಂದು ಮಾತು ತಿಳಿಸಿ, ನಾನೇ ಅವರಿಗೆ ಫೋನ್ ಮಾಡುತ್ತೇನೆ. ಮಧ್ಯಾಹ್ನ ಎರಡರಿಂದ ಮೂರರ ತನಕ ಮಷಿನ್ ನಿಂತಿರುತ್ತದೆ, ಆ ಹೊತ್ತಿಗಾದರೆ ಇನ್ನೂ ಒಳ್ಳೆಯದು.

ಇಂತಿ,
ಒಬ್ಬ ಓದುಗಿ, ತಿಪಟೂರು ತಾಲ್ಲೂಕು